ಕಂತು ಕಟ್ಟಲಾಗದವರ ಕಾಯಿಲೆ

ಇವತ್ತು ರಾಜಕೀಯ ಬೇಡ. ಯಾರು ದಿಲ್ಲಿಗೆ ಹೋದರು, ಯಾರು ಬರಿಗೈಯಲ್ಲಿ ವಾಪಸ್ ಬಂದರು ಅನ್ನೋದು ನಾಳೆಗೂ ಇದ್ದೇ ಇರುತ್ತೆ. ಇವತ್ತು ನಿಮ್ಮ ಮನೆ ವಿಷಯ ಮಾತಾಡೋಣ.

ಆರೋಗ್ಯ ವಿಮೆ ಬಗ್ಗೆ ಕಾರ್ಯಕ್ರಮ ಮಾಡಿದಾಗಲೆಲ್ಲ ತಜ್ಞರು ಬಂದು ಕೂತು ಹೇಳೋದು ಒಂದೇ ಮಾತು: ಎಲ್ಲರೂ ಪಾಲಿಸಿ ಮಾಡಿಸಿ. ಸರಿ ಸ್ವಾಮಿ, ಒಪ್ಪಿದೆ. ಆದರೆ ಕಾರ್ಯಕ್ರಮ ಮುಗಿದ ಮೇಲೆ ನಮಗೆ ಬರುವ ಕರೆಗಳೇ ಬೇರೆ. "ಸಾರ್, ಅಪ್ಪನಿಗೆ ಅರವತ್ತು ದಾಟಿದೆ, ಶುಗರ್ ಇದೆ. ಕಂಪನಿಯವರು ಹೇಳೋ ಕಂತು ನನ್ನ ಒಂದೂವರೆ ತಿಂಗಳ ಸಂಬಳ. ನಾನೇನು ಮಾಡ್ಲಿ?" ಈ ಪ್ರಶ್ನೆಗೆ ತಜ್ಞರ ಹತ್ತಿರ ಉತ್ತರ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ ಶೇ. 18 ಜಿಎಸ್‌ಟಿ ಹೋಗಿದೆ. ಒಳ್ಳೆಯದೇ. ತೆರಿಗೆ ಹೋಯಿತು, ಆದರೆ ಕಂತು ಉಳೀತಲ್ಲ!

ನೋಡಿ, ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗೆ ವರಮಾನದ ಮಿತಿ ವರ್ಷಕ್ಕೆ 1 ಲಕ್ಷ 20 ಸಾವಿರ. ಅಂದರೆ ತಿಂಗಳಿಗೆ 10 ಸಾವಿರ. ಆ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಇಲ್ಲದಿದ್ದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಇನ್ನು ಕಾರ್ಖಾನೆ, ಗಾರ್ಮೆಂಟ್ಸ್, ಅಂಗಡಿ ನೌಕರರಿಗೆ ಇಎಸ್‌ಐ ಇದೆ. ಅದರ ಸಂಬಳದ ಮಿತಿ 21 ಸಾವಿರ. 2017ರಲ್ಲಿ ಏರಿಸಿದ್ದು, 2025ರಲ್ಲೂ ಅಷ್ಟೇ.

ಈಗ 22 ಸಾವಿರ ಸಂಬಳದ ಸೇಲ್ಸ್‌ಮನ್ ಎಲ್ಲಿಗೆ ಹೋಗಬೇಕು? ಅವನು ಬಡವನೂ ಅಲ್ಲ, ಇಎಸ್‌ಐಗೂ ಸಲ್ಲ, ಪಾಲಿಸಿಯೂ ಕೈಗೆಟುಕಲ್ಲ. ಅತ್ತ ದರಿ, ಇತ್ತ ಪುಲಿ. ಅವನಿಗಾಗಿಯೇ ಇವತ್ತಿನ ಮಾತು.

ಮೊದಲನೆಯದು, ದೀರ್ಘ ಕಾಯಿಲೆಯ ಖರ್ಚು ಆಸ್ಪತ್ರೆ ಬಿಲ್‌ನಲ್ಲಿ ಮಾತ್ರ ಇರಲ್ಲ. ಕಿಡ್ನಿ ಕೈಕೊಟ್ಟವರ ಲೆಕ್ಕ ಹಾಕೋಣ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಅಂದರೂ ವರ್ಷಕ್ಕೆ 104 ದಿನ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಜೊತೆಗೆ ಹೋಗೋ ಮಗನ ದಿನಗೂಲಿ 600 ರೂಪಾಯಿ ಆದರೆ, ಕೂಲಿಯಲ್ಲೇ ವರ್ಷಕ್ಕೆ 62,400 ರೂಪಾಯಿ ಹೋಯ್ತು. ಆಟೋ, ಬಸ್ಸು, ಊಟ, ಮಾತ್ರೆ ಬೇರೆ. ಈ ಕೂಲಿ ನಷ್ಟವನ್ನು ಆಯುಷ್ಮಾನ್ ಕಾರ್ಡ್ ಕೊಡಲ್ಲ. ದೊಡ್ಡ ಪಾಲಿಸಿ ಇದ್ದವರಿಗೂ ಸಾಮಾನ್ಯವಾಗಿ ಸಿಗಲ್ಲ. ಹಾಗಾಗಿ "ಪಾಲಿಸಿ ಇಲ್ಲ, ನಮ್ಮ ಕಥೆ ಮುಗೀತು" ಅಂದುಕೊಳ್ಳಬೇಡಿ. ಹತ್ತು ಲಕ್ಷದ ಆಪರೇಷನ್‌ಗೆ ಬೇಕಾದಷ್ಟು ಉಳಿಸೋಕೆ ನಿಮ್ಮಿಂದ ಆಗದೇ ಇರಬಹುದು. ಆದರೆ ಆರು ತಿಂಗಳ ಮನೆ ಖರ್ಚು ಉಳಿಸಿಟ್ಟರೆ, ಸಾಲಗಾರನ ಬಾಗಿಲಿಗೆ ಹೋಗೋದು ಆರು ತಿಂಗಳು ತಪ್ಪುತ್ತೆ. ಅದು ಸಣ್ಣ ಮಾತಲ್ಲ.

ಎರಡನೆಯದು, ನಿಮಗೆ ಈಗಾಗಲೇ ಇರೋದನ್ನ ಮೊದಲು ತಿಳ್ಕೊಳ್ಳಿ. ಇಎಸ್‌ಐ ಅಂದರೆ ಜ್ವರಕ್ಕೆ ಮಾತ್ರೆ ಕೊಡೋ ಡಿಸ್ಪೆನ್ಸರಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಸಂಬಳದಿಂದ ಹಿಡಿಯೋದು ಶೇ. 0.75 ಮಾತ್ರ. ಅದರಲ್ಲಿ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನದವರೆಗೆ ಶೇ. 70 ಸಂಬಳ ಬರುತ್ತೆ. ಕ್ಯಾನ್ಸರ್, ಕ್ಷಯ ಸೇರಿ ಪಟ್ಟಿಯಲ್ಲಿರುವ 34 ದೀರ್ಘ ಕಾಯಿಲೆಗಳಿಗೆ, ಅರ್ಹತೆ ಇದ್ದರೆ, ಎರಡು ವರ್ಷದವರೆಗೂ ಶೇ. 80 ಸಂಬಳ ಸಿಗುತ್ತೆ. ವಿಮೆಯಲ್ಲಿ ಐದು ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಸಬಹುದು. ನೂರಾ ಇಪ್ಪತ್ತೇ ರೂಪಾಯಿ! ಎಷ್ಟು ಜನರಿಗೆ ಇದು ಗೊತ್ತು?

ಹಳ್ಳಿಯವರು ಹಾಲಿನ ಡೇರಿಯಲ್ಲೋ ಸೊಸೈಟಿಯಲ್ಲೋ ಸದಸ್ಯರಾಗಿದ್ದರೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಈಗ ಮತ್ತೆ ನಡೀತಿದೆ. ಹೆಸರು ನೋಂದಾಯಿಸೋಕೆ ಗಡುವು ಇರುತ್ತೆ. ಕಾಯಿಲೆ ಬಂದ ಮೇಲೆ ಕಾರ್ಯದರ್ಶಿ ಮನೆಗೆ ಓಡಿದರೆ ಪ್ರಯೋಜನ ಇಲ್ಲ. ಬಿಪಿಎಲ್ ಕಾರ್ಡ್‌ನವರೂ ಒಂದು ನೆನಪಿಡಿ: ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಚೀಟಿ ಪಡೆದು, ಆಮೇಲೆ ಖಾಸಗಿಗೆ. ಖಾಸಗಿಗೆ ಸೇರಿ, ಅಡ್ವಾನ್ಸ್ ಕಟ್ಟಿ, ಮೂರನೇ ದಿನ ಕಾರ್ಡ್ ತೋರಿಸಿದರೆ ಜಗಳ ಗ್ಯಾರಂಟಿ, ದುಡ್ಡು ಗ್ಯಾರಂಟಿ ಅಲ್ಲ. ಅನುಮಾನ ಇದ್ದರೆ 14555ಕ್ಕೆ ಫೋನ್ ಮಾಡಿ ಕೇಳಿ.

ಮೂರನೆಯದು, ಕಾಯಿಲೆಗೇ ಅಂತ ಒಂದು ಪ್ರತ್ಯೇಕ ಗಂಟು. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ ಆರ್‌ಡಿ ಶುರು ಮಾಡಬಹುದು. ಗೃಹಲಕ್ಷ್ಮಿಯ 2 ಸಾವಿರದಲ್ಲಿ 500 ಎತ್ತಿಟ್ಟರೆ ವರ್ಷಕ್ಕೆ 6 ಸಾವಿರ. ನಗಬೇಡಿ. ಹನಿ ಹನಿ ಕೂಡಿದರೆ ಹಳ್ಳ. ಆದರೆ ಆ ದುಡ್ಡು ಹಬ್ಬಕ್ಕೂ ಇಲ್ಲ, ನಾದಿನಿ ಮದುವೆಗೂ ಇಲ್ಲ.

ನಾಲ್ಕನೆಯದು ಯಾರೂ ಹೇಳದ ವಿಷಯ. ಮನೆ ಯಜಮಾನನಿಗೆ ಪಾರ್ಶ್ವವಾಯು ಹೊಡೆಯುತ್ತೆ. ಬ್ಯಾಂಕಲ್ಲಿ ಎರಡು ಲಕ್ಷ ಇದೆ. ಆದರೆ ಖಾತೆ ಅವರೊಬ್ಬರ ಹೆಸರಲ್ಲಿ. ಅವರಿಗೆ ಪ್ರಜ್ಞೆ ಇಲ್ಲ, ಸಹಿ ಆಗಲ್ಲ. ನಾಮಿನಿ ಇದ್ದಾರಲ್ಲ ಅಂತೀರಾ? ನಾಮಿನಿಗೆ ದುಡ್ಡು ಸಿಗೋದು ಖಾತೆದಾರ ಸತ್ತ ಮೇಲೆ. ಬದುಕಿದ್ದಾಗ, ಬದುಕಿಸೋಕೆ ಬೇಕಾದಾಗ ಸಿಗಲ್ಲ. ನಾಳೆಯೇ ಬ್ಯಾಂಕಿಗೆ ಹೋಗಿ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ. ಇದಕ್ಕೆ ಕಂತು ಕಟ್ಟಬೇಕಾಗಿಲ್ಲ.

ಐದನೆಯದು, ಎಲ್ಲರೂ ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಕೂತು ಒಂದು ತೀರ್ಮಾನ ಮಾಡಿ. ಕಷ್ಟ ಬಂದರೆ ಮೊದಲು ಯಾವುದಕ್ಕೆ ಕೈ ಹಾಕೋದು? ಮೊದಲು ಉಳಿತಾಯ. ಆಮೇಲೆ ಪಿಎಫ್ ಇದ್ದರೆ ಅದರಿಂದ ಕಾಯಿಲೆ ಮುಂಗಡ. ಆಮೇಲೆ ಬ್ಯಾಂಕಲ್ಲೋ ಸೊಸೈಟಿಯಲ್ಲೋ ಒಡವೆ ಅಡ. ಮುಟ್ಟಬಾರದ್ದು ಮೂರು: ದುಡಿಯೋ ಸಾಧನ, ಮಗಳ ಓದು, ಮೀಟರ್ ಬಡ್ಡಿ. ಆಟೋ ಮಾರಿ ಆಸ್ಪತ್ರೆಗೆ ಕಟ್ಟಿದ ಮನೆಯಲ್ಲಿ, ರೋಗಿ ಎದ್ದು ಬಂದರೂ ಒಲೆ ಹಚ್ಚೋದಕ್ಕೆ ದಾರಿ ಇರಲ್ಲ. ಐಸಿಯು ಬಾಗಿಲಲ್ಲಿ ನಿಂತು ಈ ತೀರ್ಮಾನ ಮಾಡೋಕಾಗಲ್ಲ. ಅಲ್ಲಿ ಯೋಚನೆ ಮಾಡೋದು ತಲೆ ಅಲ್ಲ, ಭಯ.

ಇನ್ನೊಂದು ಮಾತು. ಕಿಡ್ನಿ ಹಾಳಾಗೋದಕ್ಕೆ, ಪಾರ್ಶ್ವವಾಯುವಿಗೆ ದೊಡ್ಡ ಕಾರಣಗಳೇ ಬಿಪಿ ಮತ್ತು ಶುಗರ್. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದರ ತಪಾಸಣೆಗೂ ಮಾತ್ರೆಗೂ ದುಡ್ಡು ಕೇಳಲ್ಲ. ಜನೌಷಧಿ ಕೇಂದ್ರದಲ್ಲಿ ಎಷ್ಟೋ ಔಷಧಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತೆ. "ಈಗ ಆರಾಮಿದೀನಿ" ಅಂತ ಬಿಪಿ ಮಾತ್ರೆ ಬಿಡಬೇಡಿ. ಕಂತು ಕಟ್ಟಲಾಗದವನಿಗೆ ಆ ಮಾತ್ರೆಯೇ ಪಾಲಿಸಿ.

ಇಷ್ಟೂ ಹೇಳಿದ್ದು ನಿಮಗೆ. ಈಗ ಸರ್ಕಾರಗಳಿಗೆ ಒಂದು ಪ್ರಶ್ನೆ. ಬಿಪಿಎಲ್ ಕಾರ್ಡ್ ಎಪಿಎಲ್ ಆದ ದಿನ ಒಂದು ಕುಟುಂಬ ಕಳೆದುಕೊಳ್ಳೋದು ಅಕ್ಕಿ ಮಾತ್ರ ಅಲ್ಲ, 5 ಲಕ್ಷದ ಚಿಕಿತ್ಸೆಯ ಭರವಸೆಯನ್ನೂ ಕಳೆದುಕೊಳ್ಳುತ್ತೆ. 10 ಸಾವಿರದಿಂದ 30 ಸಾವಿರದ ನಡುವೆ ದುಡಿಯುವವನು ಧರ್ಮಕ್ಕೆ ಕೇಳ್ತಿಲ್ಲ. ಶಕ್ತಿ ಇದ್ದಷ್ಟು ಕಟ್ಟುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಅಂತಿದ್ದಾನೆ. ಡೇರಿ ಸದಸ್ಯನಿಗೆ ಕೊಡೋಕೆ ಸಾಧ್ಯ ಆಗಿದ್ದು ಆಟೋ ಚಾಲಕನಿಗೆ, ಅಂಗಡಿ ಹುಡುಗನಿಗೆ ಯಾಕೆ ಸಾಧ್ಯ ಆಗಲ್ಲ? ಯಶಸ್ವಿನಿಯಂಥ ಬಾಗಿಲನ್ನು ಅವರಿಗೂ ತೆಗೆಯಿರಿ. ಉತ್ತರ ಬರೋವರೆಗೂ ನಾವು ಕೇಳ್ತಾನೇ ಇರ್ತೀವಿ.

ನೀವು ಮಾತ್ರ ಉತ್ತರಕ್ಕೆ ಕಾಯಬೇಡಿ. ಈ ಭಾನುವಾರ ಟಿವಿ ಆರಿಸಿ. ಹೌದು, ನಾನೇ ಹೇಳ್ತಿದೀನಿ, ಆರಿಸಿ. ಪಾಸ್‌ಬುಕ್ಕು, ಕಾರ್ಡುಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಮನೆಮಂದಿ ಕೂತು ಮಾತಾಡಿ.