ಕೋಸಿನ ಹುಳು ಮತ್ತು ನಾಲ್ಕು ದಿನದ ತಾಳ್ಮೆ

ತಾಳವಾಡಿ, ಹೊಸೂರು, ನೀಲಗಿರಿಯ ಕಡೆ ಎಲೆಕೋಸು ಬೆಳೆಯುವ ನಿಮಗೆ ವಜ್ರಬೆನ್ನಿನ ಪತಂಗವನ್ನು ಪರಿಚಯಿಸಬೇಕಾಗಿಲ್ಲ. ಎಲೆಯನ್ನು ಜರಡಿ ಮಾಡುವ, ಮುಟ್ಟಿದರೆ ನೂಲು ಬಿಟ್ಟು ಜೋತಾಡುವ ಹಸಿರು ಹುಳು ಅದರ ಮರಿ. 1953ರಲ್ಲಿಯೇ ಜಾವಾ ದ್ವೀಪದಲ್ಲಿ ಇದು ಡಿಡಿಟಿಗೆ ಜಗ್ಗದಿರುವುದು ವರದಿಯಾಗಿತ್ತು. ಅನಂತರ ಬಂದ ಅನೇಕ ವಿಷಗಳನ್ನೂ ಇದು ಅರಗಿಸಿಕೊಂಡಿತು.

ಬೆಳವಣಿಗೆ ನಿಯಂತ್ರಕ ಕೀಟನಾಶಕಗಳ ದಾರಿ ಬೇರೆ. ಹುಳುವಿನ ಹೊರಪೊರೆಗೆ ಆಧಾರವಾಗಿರುವುದು ಕೈಟಿನ್ ಎಂಬ ವಸ್ತು. ಹುಳು ಬೆಳೆಯಬೇಕಾದರೆ ಹಳೆಯ ಪೊರೆ ಕಳಚಿ ಹೊಸದನ್ನು ಕಟ್ಟಿಕೊಳ್ಳಬೇಕು. ನೊವಾಲ್ಯುರಾನ್, ಲ್ಯುಫೆನ್ಯುರಾನ್ ಮೊದಲಾದ ಔಷಧಿಗಳು ಈ ಕೈಟಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ಹುಳು ಸಾಯುವುದು ಪೊರೆ ಕಳಚುವಾಗ, ಸಿಂಪಡಿಸಿದ ಗಳಿಗೆಯಲ್ಲಲ್ಲ. ಹಾರಾಡುವ ಪತಂಗವನ್ನು ಇವು ಕೊಲ್ಲುವುದೂ ಇಲ್ಲ.

ಎಡವಟ್ಟಾಗುವುದು ಇಲ್ಲಿಯೇ. ಮರುದಿನ ಹೊಲಕ್ಕೆ ಹೋದಾಗ ಹುಳು ಓಡಾಡುತ್ತಿರುತ್ತದೆ. "ಔಷಧಿ ಕಲಬೆರಕೆ" ಎಂದು ಬೇರೊಂದು ವಿಷ ಹೊಡೆಯುತ್ತೇವೆ. ಖರ್ಚು ಇಮ್ಮಡಿಯಾಗುತ್ತದೆ, ಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಗಳೂ ಸಾಯುತ್ತವೆ.

ಹಾಗಾದರೆ ಪರೀಕ್ಷೆ ಹೇಗೆ? ಹೊಲದ ಒಂದು ಭಾಗದಲ್ಲಿ ಸಮನಾದ ಆರು ಮಡಿ ಗುರುತಿಸಿ. ಚೀಟಿ ಎತ್ತಿ ಮೂರಕ್ಕೆ ಔಷಧಿ ಹೊಡೆಯಿರಿ, ಮೂರನ್ನು ಹಾಗೆಯೇ ಬಿಡಿ. ಕೋಸಿನ ಎಲೆಗೆ ಮೇಣದ ಲೇಪವಿರುವುದರಿಂದ ದ್ರಾವಣಕ್ಕೆ ಅಂಟು ಬೆರೆಸಿ, ಎಲೆಯ ಅಡಿಭಾಗವೂ ತೋಯಲಿ. ಪ್ರತಿ ಮಡಿಯಲ್ಲಿ ಹತ್ತು ಗಿಡಗಳ ಹುಳುಗಳನ್ನು ಸಿಂಪಡಣೆಯ ಹಿಂದಿನ ದಿನ ಎಣಿಸಿ. ಬಳಿಕ ನಾಲ್ಕನೆಯ ಹಾಗೂ ಏಳನೆಯ ದಿನ ಎಣಿಸಿ ಬರೆದಿಡಿ.

ಹೊಡೆಯದ ಮಡಿ ಏಕೆ ಬೇಕು? ಜೋರು ಮಳೆಗೂ ಮರಿಹುಳು ತೊಳೆದುಹೋಗುತ್ತದೆ. ಎರಡೂ ಕಡೆ ಹುಳು ಒಂದೇ ಸಮ ಇಳಿದಿದ್ದರೆ ಆ ಕೀರ್ತಿ ಮಳೆಯದು, ಔಷಧಿಯದಲ್ಲ. ಹೊಡೆದ ಮಡಿಯಲ್ಲಿ ಮಾತ್ರ ಇಳಿದಿದ್ದರೆ ಹಣ ಸಾರ್ಥಕ.

ಇನ್ನೊಂದು ಎಚ್ಚರಿಕೆ. ಹುಳು ಎಳೆಯದಿರುವಾಗಲೇ ಸಿಂಪಡಿಸಿ. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆಯಬೇಡಿ. ಥಾಯ್ಲೆಂಡಿನಲ್ಲಿ ಹಾಗೆ ಮಾಡಿದ್ದರಿಂದ 1980ರ ದಶಕದಲ್ಲಿಯೇ ಹುಳು ಈ ಗುಂಪಿನ ಔಷಧಿಗಳಿಗೂ ಒಗ್ಗಿಕೊಂಡಿತು. ಕೋಸಿನ ನಡುವೆ ಸಾಸಿವೆ ಸಾಲು ಹಾಕಿದರೆ ಪತಂಗ ಅದರತ್ತ ಸೆಳೆಯಲ್ಪಡುತ್ತದೆ. ಪ್ರಮಾಣವನ್ನೂ, ಕೊಯ್ಲಿಗೆ ಮುನ್ನ ಎಷ್ಟು ದಿನ ಬಿಡಬೇಕೆಂಬುದನ್ನೂ ಡಬ್ಬಿಯ ಚೀಟಿಯಲ್ಲಿ ಓದಿಕೊಳ್ಳಿ. ಆ ಕೋಸು ಯಾರದೋ ಮನೆಯ ಪಲ್ಯವಾಗುವುದಿದೆ.