ಗರಿಯಲ್ಲಿ ಸಿಕ್ಕ ವಿಷ

1964ರಲ್ಲಿ ಸ್ವೀಡನ್ನಿನ ಸೋರೆನ್ ಯೆನ್ಸೆನ್ ಎಂಬ ರಸಾಯನ ವಿಜ್ಞಾನಿ ಹುಡುಕಲು ಹೊರಟದ್ದು ಡಿಡಿಟಿಯನ್ನು. ಮೀನು, ಹಕ್ಕಿ, ಮನುಷ್ಯರ ಮೈಯಲ್ಲಿ ಆ ಕೀಟನಾಶಕ ಎಷ್ಟು ಸೇರಿದೆ ಎಂದು ಅಳೆಯಬೇಕಿತ್ತು. ಅದಕ್ಕೆ ತಕ್ಕ ಸಾಧನವನ್ನು ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ಕೆಲವೇ ವರ್ಷಗಳ ಹಿಂದೆ ರೂಪಿಸಿದ್ದರು. ಕ್ಲೋರಿನ್ ಇರುವ ಅಣುಗಳು ಲವಲೇಶ ಇದ್ದರೂ ಅದು ಪತ್ತೆ ಮಾಡುತ್ತಿತ್ತು. ಯಂತ್ರ ಬರೆದ ಗೆರೆಯಲ್ಲಿ ಡಿಡಿಟಿಯ ಗುರುತಿನ ಜೊತೆಗೆ ಯಾರೂ ಕಂಡರಿಯದ ಬೇರೆ ಗುರುತುಗಳೂ ಮೂಡಿದವು. ಒಂದು ಮಾದರಿಯಲ್ಲಲ್ಲ, ಮಾದರಿಯಿಂದ ಮಾದರಿಗೆ.

ಯಂತ್ರದ ದೋಷ ಎಂದು ಅದನ್ನು ತಳ್ಳಿಹಾಕಬಹುದಿತ್ತು. ಯೆನ್ಸೆನ್ ಹಾಗೆ ಮಾಡಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ಕಾಪಿಟ್ಟಿದ್ದ ಬಿಳಿಬಾಲದ ಕಡಲಹದ್ದಿನ ಹಳೆಯ ಗರಿಗಳನ್ನು ತರಿಸಿ ಪರೀಕ್ಷಿಸಿದರು. 1944ರ ಗರಿಯಲ್ಲೇ ಆ ವಸ್ತು ಇತ್ತು. ಸ್ವೀಡನ್ನಿನಲ್ಲಿ ಡಿಡಿಟಿ ಬಳಕೆ ಹರಡುವುದಕ್ಕೂ ಮುಂಚಿನ ಗರಿ ಅದು. ಅಂದಮೇಲೆ ಇದು ಡಿಡಿಟಿಯಿಂದ ಹುಟ್ಟಿದ್ದಲ್ಲ. ತಮ್ಮ ಮನೆಯವರ ಕೂದಲನ್ನೂ ಅವರು ನೋಡಿದರು. ಐದು ತಿಂಗಳ ಮಗಳ ಕೂದಲಲ್ಲೂ ಅದು ಸಿಕ್ಕಿತು. ತಾಯಿಯ ಹಾಲಿನಿಂದಲೇ ಬಂದಿರಬೇಕು ಎಂದುಕೊಂಡಾಗ ಆ ತಂದೆಗೆ ಏನನ್ನಿಸಿರಬಹುದು!

1966ರಲ್ಲಿ ಹೆಸರು ಹೊರಬಿತ್ತು: ಪಾಲಿಕ್ಲೋರಿನೇಟೆಡ್ ಬೈಫಿನೈಲ್, ಚಿಕ್ಕದಾಗಿ ಪಿಸಿಬಿ. 1929ರಿಂದ ಅಮೆರಿಕದಲ್ಲಿ ತಯಾರಾಗುತ್ತಿದ್ದ ಎಣ್ಣೆ. ಸುಲಭಕ್ಕೆ ಉರಿಯದು, ವಿದ್ಯುತ್ ಹರಿಯಗೊಡದು, ಕೆಡದು. ಹಾಗಾಗಿ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಬಣ್ಣ, ಕಾರ್ಬನ್ ಬೇಡದ ನಕಲು ಕಾಗದ ಎಲ್ಲದಕ್ಕೂ ಸೇರಿತು. ಡಿಡಿಟಿಯನ್ನು ಹೊಲಕ್ಕೆ ಸಿಂಪಡಿಸುತ್ತಿದ್ದರು; ಪಿಸಿಬಿ ಸಿಂಪಡಿಸಲೆಂದು ಮಾಡಿದ್ದಲ್ಲ. ಅದು ಸೋರಿಕೊಂಡೇ ಸಮುದ್ರ ಸೇರಿತು. ಕೆಡದ ಗುಣವೇ ಪ್ರಾಣಿಗಳ ಕೊಬ್ಬಿನಲ್ಲಿ ಅದನ್ನು ಉಳಿಸಿತು. ಮೀನಿನಿಂದ ಮೀನು ತಿನ್ನುವ ಹಕ್ಕಿಗೆ ದಾಟಿದಷ್ಟೂ ಪ್ರಮಾಣ ಏರಿತು.

1968ರಲ್ಲಿ ಪಶ್ಚಿಮ ಜಪಾನಿನಲ್ಲಿ ಪಿಸಿಬಿ ಬೆರೆತ ಅಕ್ಕಿತೌಡಿನ ಎಣ್ಣೆ ತಿಂದು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 1970ರ ದಶಕದಲ್ಲಿ ಒಂದೊಂದಾಗಿ ದೇಶಗಳು ಅದನ್ನು ನಿರ್ಬಂಧಿಸಿದವು.

ನಿಷೇಧವಾದ ಮೇಲೂ ಸ್ವೀಡನ್ನಿನವರು ಅಳೆಯುವುದನ್ನು ನಿಲ್ಲಿಸಲಿಲ್ಲ. ನನಗೆ ಈ ಕಥೆಯಲ್ಲಿ ತುಂಬ ದೊಡ್ಡದಾಗಿ ಕಾಣುವುದು ಇದೇ. ತಾಯಂದಿರ ಎದೆಹಾಲಿನ ಮಾದರಿಗಳನ್ನು ವರ್ಷಗಳುದ್ದಕ್ಕೂ ಸಂಗ್ರಹಿಸಿ ಶೀತಲೀಕರಿಸಿ ಇಟ್ಟರು. 1990ರ ದಶಕದ ಕೊನೆಗೆ ಅವನ್ನು ಮತ್ತೆ ತೆಗೆದು ನೋಡಿದಾಗ ಪಿಸಿಬಿ, ಡಿಡಿಟಿ ಇಳಿಯುತ್ತ ಬಂದಿದ್ದವು. ಆದರೆ ಸೋಫಾ, ಟೀವಿಗಳಿಗೆ ಬೆಂಕಿ ಹತ್ತದಿರಲೆಂದು ಸೇರಿಸುತ್ತಿದ್ದ ಬ್ರೋಮಿನ್ ರಾಸಾಯನಿಕಗಳು 1972ರಿಂದ 1997ರವರೆಗೆ ಸುಮಾರು ಐದು ವರ್ಷಕ್ಕೊಮ್ಮೆ ಇಮ್ಮಡಿಯಾಗಿದ್ದವು.

2001ರ ಸ್ಟಾಕ್‌ಹೋಮ್ ಒಪ್ಪಂದ ಮೊದಲು 12 ರಾಸಾಯನಿಕಗಳನ್ನು ಪಟ್ಟಿ ಮಾಡಿತು, ಪಿಸಿಬಿ ಅದರಲ್ಲಿತ್ತು. ಗಾಳಿಯನ್ನೂ ಎದೆಹಾಲನ್ನೂ ಪರೀಕ್ಷಿಸುತ್ತಿರಬೇಕೆಂಬ ಜಾಗತಿಕ ಯೋಜನೆ ಅದರಡಿಯಲ್ಲೇ ಬಂತು. ಭಾರತ 2006ರಲ್ಲಿ ಆ ಒಪ್ಪಂದವನ್ನು ಅನುಮೋದಿಸಿತು. ನಮ್ಮ ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿರುವ ಪಿಸಿಬಿಯನ್ನು ಪತ್ತೆಹಚ್ಚಿ ವಿಲೇವಾರಿ ಮಾಡುವ ರಾಷ್ಟ್ರೀಯ ಯೋಜನೆಯಲ್ಲಿ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಪಾಲುಗೊಂಡಿತು. 2016ರ ಸರ್ಕಾರಿ ಆದೇಶ ಬಳಕೆ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಗುಜರಿಗೆ ಹೋಗುವ ಪ್ರತಿ ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯೂ ಮೊದಲು ಪರೀಕ್ಷೆಯಾಗಬೇಕು. ಟ್ರಾನ್ಸ್‌ಫಾರ್ಮರನ್ನು ಬರಿಗೈಯಲ್ಲಿ ಬಿಚ್ಚುವ ಕೆಲಸಗಾರರ ಮೈಗೇ ಪಿಸಿಬಿ ಮೊದಲು ತಗಲುವುದು.

ಕಾವೇರಿಯ ಮೀನು, ಕೆರೆಗಳ ಹೂಳು, ನಮ್ಮ ತಾಯಂದಿರ ಹಾಲಿನ ಮಾದರಿಗಳನ್ನೂ ಪ್ರತಿ ವರ್ಷ ತೆಗೆದಿಡಬೇಕೆಂಬುದು ನನ್ನ ಹಂಬಲ. ಹೀಗೆ ತೆಗೆದಿಟ್ಟರೆ ಏನು ಫಲ ಎಂಬುದಕ್ಕೆ ಸ್ವೀಡನ್ನಿನದೇ ಇನ್ನೊಂದು ಉದಾಹರಣೆ ಇದೆ. ಬಾಲ್ಟಿಕ್ ಸಮುದ್ರದ ಸ್ಟೋರಾ ಕಾರ್ಲ್ಸೋ ದ್ವೀಪದಲ್ಲಿ 1960ರ ದಶಕದ ಕೊನೆಯಿಂದ ಗಿಲ್ಲೆಮಾಟ್ ಎಂಬ ಕಡಲಹಕ್ಕಿಯ ಮೊಟ್ಟೆಗಳನ್ನು ಕೂಡಿಡುತ್ತ ಬಂದರು. ಎಣ್ಣೆ, ನೀರು ಅಂಟದಿರಲೆಂದು ಬಟ್ಟೆಗೆ ಬಳಿಯುತ್ತಿದ್ದ ಪಿಎಫ್‌ಒಎಸ್ ಎಂಬ ರಾಸಾಯನಿಕದ ಬಗ್ಗೆ ಆಗ ಯಾರಿಗೂ ಚಿಂತೆ ಇರಲಿಲ್ಲ. 2009ರಲ್ಲಿ ಅದು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರುವ ಮೊದಲೇ, ದಶಕಗಳುದ್ದಕ್ಕೂ ಅದು ಹೇಗೆ ಏರಿತೆಂದು ಆ ಹಳೆಯ ಮೊಟ್ಟೆಗಳಿಂದ ಲೆಕ್ಕ ಹಾಕಲು ಸಾಧ್ಯವಾಯಿತು.