ಅಕ್ಕನ ಕಂಕುಳಲ್ಲಿ ತಮ್ಮ: ಶಿಶುಪಾಲನೆಯ ಖರ್ಚು ಯಾರ ಹೊಣೆ?

(ದತ್ತವಾಡದಲ್ಲಿ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಯ ಸಂದರ್ಭದಲ್ಲಿ ಮಾಡಿದ ಉಪನ್ಯಾಸ)



ಈ ಅವಧಿಗೆ ನನಗೆ ಕೊಟ್ಟಿರುವ ವಿಷಯ ಗೈರುಹಾಜರಿ. ನಾನು ಮಾತನಾಡಲಿರುವುದು ಶಿಶುಪಾಲನೆ ಮತ್ತು ಅದಕ್ಕೆ ತಗಲುವ ಹಣದ ಕುರಿತು. ಇವೆರಡೂ ಒಂದೇ ವಿಷಯವೆಂಬುದು ನನಗೆ ತಿಳಿದುಬಂದದ್ದು ಬಹಳ ತಡವಾಗಿ.

ಕೆಲವು ವರ್ಷಗಳ ಹಿಂದೆ ಗಡಿಭಾಗದ ಒಂದು ಕನ್ನಡ ಶಾಲೆಗೆ ಭೇಟಿ ಕೊಟ್ಟಿದ್ದೆ. ನಾಲ್ಕನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ ದೀಪಾವಳಿಯಿಂದಾಚೆಗೆ ವಾರಕ್ಕೆ ಎರಡು ಮೂರು ಗೈರು. ಆಸಕ್ತಿದಾಯಕ ಬೋಧನೆಯ ಬಗ್ಗೆ ಶಿಕ್ಷಕರಿಗೆ ದೀರ್ಘವಾಗಿ ತಿಳಿಹೇಳಿದೆ. (ಶಾಲೆಗಳನ್ನು ನೋಡಲು ಹೋಗುವವರಿಗೆ ಉಪದೇಶದ ಚಟ ಬೇಗ ಅಂಟಿಕೊಳ್ಳುತ್ತದೆ.) ಅವರು ಸುಮ್ಮನೆ ಕೇಳಿದರು. ಮಧ್ಯಾಹ್ನ ಆ ಹುಡುಗಿ ಒಂದೂವರೆ ವರ್ಷದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಗಿಲ ಬಳಿ ಕುಳಿತಳು. ನಾನು ಕೇಳಿದ್ದಕ್ಕೆ, "ಅವ್ವ ಕಬ್ಬಿಗೆ ಹೋಗ್ಯಾಳ್ರಿ. ತಮ್ಮನ್ನ ಯಾರ ಕಡೆ ಬಿಟ್ಟು ಬರ್ಲಿರಿ?" ಎಂದಳು. ಎಂ.ಎಡ್. ಪದವಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ದೂಧಗಂಗೆಯ ದಂಡೆಯ ಈ ಊರಿನವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಇಚಲಕರಂಜಿಯ ಮಗ್ಗ. ಹೊರಜಿಲ್ಲೆಗಳಿಂದ ಬರುವ ಕಬ್ಬು ಕಡಿಯುವವರಲ್ಲಿ ಗಂಡಹೆಂಡಿರ ಜೋಡಿಯೇ ಒಂದು ಕೊಯ್ತಾ. ಮುಂಗಡವನ್ನು ಕೊಡುವುದು ಆ ಜೋಡಿಗೆ. ಹೀಗಾಗಿ ಕೂಸಿದ್ದರೂ ಹೆಂಡತಿ ಹಿಂದುಳಿಯುವಂತಿಲ್ಲ. ಮಗ್ಗದ ಪಾಳಿ 12 ತಾಸಿನದು. ಸಂಜೆ ಶಾಲೆಯ ಗಂಟೆ ಬಾರಿಸಿದ ಮೇಲೂ ಎಷ್ಟೋ ಹೊತ್ತು ಮನೆಯ ಬಾಗಿಲಿಗೆ ಬೀಗವಿರುತ್ತದೆ.

ಇತ್ತೀಚೆಗೆ ತಾಯಂದಿರ ಕೈಗೆ ಹಣ ಬರತೊಡಗಿದೆ. ಕರ್ನಾಟಕದ ಗೃಹಲಕ್ಷ್ಮಿ 2023ರ ಆಗಸ್ಟಿನಿಂದ ತಿಂಗಳಿಗೆ 2,000 ರೂಪಾಯಿ. ನಮ್ಮ ರಾಜ್ಯದ ಮಾಝಿ ಲಾಡಕಿ ಬಹೀಣ 2024ರ ಜುಲೈಯಿಂದ 1,500 ರೂಪಾಯಿ. ಇದನ್ನು ಹಗುರವಾಗಿ ಕಾಣುವವನಲ್ಲ ನಾನು. ಆದರೆ ಶಿಶುವಿಹಾರವೇ ಇಲ್ಲದ ಊರಿನಲ್ಲಿ 1,500 ರೂಪಾಯಿ ಕೊಟ್ಟು ಕೂಸಿಗೆ ಸ್ಥಳವನ್ನು ಎಲ್ಲಿ ಕೊಳ್ಳಬೇಕು? ಹಣ ತಾಯಿಯ ಖಾತೆಗೆ ಬಂದರೂ ಕೂಸು ಅಕ್ಕನ ಕಂಕುಳಲ್ಲಿಯೇ ಉಳಿಯುತ್ತದೆ.

ಅಂಗನವಾಡಿ ಇದೆಯಲ್ಲ ಎನ್ನುತ್ತೀರಿ. 1975ರ ಅಕ್ಟೋಬರ್ 2ರಂದು ಆರಂಭವಾದ ಆ ಯೋಜನೆಯಲ್ಲಿ 3ರಿಂದ 6 ವರ್ಷದ ಮಕ್ಕಳು ಕೆಲವು ತಾಸು ಕುಳಿತುಕೊಳ್ಳುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರ ಮಾತ್ರ. 1948ರ ಕಾರ್ಖಾನೆ ಕಾಯಿದೆಯ 48ನೆಯ ಕಲಮು 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುವಿಹಾರ ಕಡ್ಡಾಯವೆಂದಿತು. ಹತ್ತು ಹನ್ನೆರಡು ಜನರ ಮಗ್ಗದ ಶೆಡ್ಡಿಗೆ ಅದು ತಗಲಲಿಲ್ಲ. ಕಬ್ಬಿನ ಹೊಲಕ್ಕಂತೂ ಇಲ್ಲವೇ ಇಲ್ಲ. 2005ರ ಉದ್ಯೋಗ ಖಾತರಿ ಕಾಯಿದೆ, ಕೆಲಸದ ಸ್ಥಳಕ್ಕೆ 6 ವರ್ಷದೊಳಗಿನ 5 ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಅದೇ ಕೂಲಿ ಕೊಡಬೇಕೆಂದಿತು. ಕೂಸು ನೋಡಿಕೊಳ್ಳುವುದೂ ಕೂಲಿಗೆ ಅರ್ಹವಾದ ಕೆಲಸವೆಂದು ಅದು ಒಪ್ಪಿಕೊಂಡದ್ದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

ಪಾಲಕರೇ ಖರ್ಚು ಭರಿಸಲಿ ಎಂಬುವವರಿಗಾಗಿ ಒಂದು ಲೆಕ್ಕ. 2017ರ ರಾಷ್ಟ್ರೀಯ ಶಿಶುವಿಹಾರ ಯೋಜನೆಯಲ್ಲಿ ಒಂದು ಕೇಂದ್ರಕ್ಕೆ 25 ಮಕ್ಕಳಿದ್ದರು. ಬಡ ಕುಟುಂಬದ ಶುಲ್ಕ ತಿಂಗಳಿಗೆ 20 ರೂಪಾಯಿ ಇತ್ತು. ಎಲ್ಲರೂ ತಪ್ಪದೆ ಕೊಟ್ಟರೆ 500 ರೂಪಾಯಿ. ಕಾರ್ಯಕರ್ತೆಗೆ 3,000, ಸಹಾಯಕಿಗೆ 1,500 ರೂಪಾಯಿ ಗೌರವಧನವಿತ್ತು. ಆ ಗೌರವಧನವೂ ಗೌರವಕ್ಕೆ ಸಾಲುವಂಥದಾಗಿರಲಿಲ್ಲ. ಉಳಿದದ್ದನ್ನು ಸರಕಾರವೇ ತುಂಬಬೇಕಾಗಿತ್ತು. ಶುಲ್ಕ ಏರಿಸಿದರೆ ಯಾರಿಗಾಗಿ ಕೇಂದ್ರ ತೆರೆಯಿತೋ ಅವರೇ ಬರುವುದಿಲ್ಲ.

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಇದು ಹೇಗೆ ನಡೆಯಿತೆಂಬುದನ್ನು ನಾವು ಗಮನಿಸಬೇಕು. ಅದೂ ಭಾಷಾ ಅಲ್ಪಸಂಖ್ಯಾತರ ನೆಲ, ಫ್ರೆಂಚ್ ಮಾತನಾಡುವವರದು. 1997ರಲ್ಲಿ ಅಲ್ಲಿ ಕುಟುಂಬಗಳಿಗೆ ಕೊಡುವ ಭತ್ಯೆಯನ್ನು ಪುನಾರಚಿಸುವಾಗಲೇ ದಿನಕ್ಕೆ 5 ಡಾಲರಿನ ಶಿಶುಪಾಲನೆಯನ್ನು ತಂದರು. ಶಾಲೆ ಬಿಟ್ಟ ಮೇಲಿನ ಪಾಲನೆಯನ್ನೂ ಶಾಲೆಯಲ್ಲಿಯೇ ಅದೇ ದರಕ್ಕೆ ಒದಗಿಸಿದರು. ಉಳಿದ ವೆಚ್ಚ ಬೊಕ್ಕಸದ್ದು. ದುಡಿಯುವ ತಾಯಂದಿರ ಸಂಖ್ಯೆ ಏರಿತು. ಸ್ಥಳಗಳು ಸಾಲದೆ ಪಾಲಕರು ವರ್ಷಗಟ್ಟಲೆ ಕಾಯುವಂತಾದದ್ದೂ ನಿಜ; ದರ ಇಳಿಸಿದಷ್ಟು ಸುಲಭವಾಗಿ ಕಟ್ಟಡ, ಸಿಬ್ಬಂದಿ ಹುಟ್ಟುವುದಿಲ್ಲ.

ಅಷ್ಟು ದೂರ ಹೋಗಲೊಲ್ಲದವರು ನಮ್ಮ ರಾಜ್ಯದ ಕೋಸಬಾಡವನ್ನು ನೆನೆಯಬಹುದು. ಬರಲಾಗದ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದವರು ತಾರಾಬಾಯಿ ಮೋಡಕ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೂ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು ಶಾಲೆಗೆ ಬರುವಂತಾಗಲು ದಿನಪಾಲನಾ ಕೇಂದ್ರಗಳು ಬೇಕೆಂದು ಹೇಳಿತ್ತು. ನದಿಯಾಚೆ ಕರ್ನಾಟಕವು 2023–24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಿಗೆ 'ಕೂಸಿನ ಮನೆ' ಘೋಷಿಸಿತು.

ನಮಗೆ ಇನ್ನೊಂದು ತೊಡಕಿದೆ. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಬೋಧನೆಯನ್ನು ಹೇಳುವುದು ಪ್ರಾಥಮಿಕ ಹಂತಕ್ಕೆ. ಅದಕ್ಕೂ ಮುನ್ನ ಕೂಸನ್ನು ಎತ್ತಿಕೊಂಡು ಆಡಿಸುವ ಕೈಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬುದನ್ನು ಅದು ಕೇಳುವುದಿಲ್ಲ. ಮರಾಠಿ ಕಲಿತರೆ ಕೂಸಿಗೆ ಲಾಭವೇ. ಆದರೆ ಅವ್ವನ ಮಾತನ್ನು ಕೇಂದ್ರದಲ್ಲಿ ಒಬ್ಬರಾದರೂ ಬಲ್ಲವರಿರಬೇಕು. ಕಾರ್ಯಕರ್ತೆಯ ನೇಮಕದ ಠರಾವಿನಲ್ಲಿಯೇ ಅದನ್ನು ಬರೆಸಬೇಕು. ಆಮೇಲೆ ಕೇಳಿದರೆ ಆಗದು.

ಸಂಜೆಯ ಎರಡು ತಾಸನ್ನು ನೀವೇ ನೋಡಿಕೊಳ್ಳಿ ಎಂದು ನಾನು ಹೇಳಲಾರೆ. ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚುವುದಕ್ಕೆ ಮಿತಿ ಹಾಕಿದೆ. ಪುಕ್ಕಟೆ ದುಡಿಮೆಯ ಮೇಲೆ ನಿಂತ ವ್ಯವಸ್ಥೆ ಒಂದು ವರ್ಷವೂ ಬಾಳುವುದಿಲ್ಲ. ಕೋಣೆ ಶಾಲೆಯದಾಗಲಿ, ಕೂಲಿ ಪಂಚಾಯತಿಯದಾಗಲಿ. ಪಂಚಾಯತಿಯ ಸ್ವಂತ ಉತ್ಪನ್ನದಲ್ಲಿ ನೂರಕ್ಕೆ ಹತ್ತು ಮಹಿಳಾ ಮತ್ತು ಬಾಲಕಲ್ಯಾಣಕ್ಕೆ ಮೀಸಲು. ಹೊಲಿಗೆಯಂತ್ರ ಹಂಚಿ ಅದನ್ನು ಮುಗಿಸುವುದೇಕೆ?

ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಮುಂದಿನ ಸಭೆಗೆ ಹೋಗುವಾಗ ಭಾಷಣ ಬೇಡ, ಹಾಜರಿ ಪುಸ್ತಕ ಒಯ್ಯಿರಿ. ಕಬ್ಬಿನ ಹಂಗಾಮಿನ ಐದು ತಿಂಗಳ ಗೈರನ್ನು ಹುಡುಗ ಹುಡುಗಿಯರಿಗೆ ಬೇರೆ ಬೇರೆ ಕೂಡಿಸಿ. ಯಾರ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದೆ, ಅವ್ವ ಎಷ್ಟು ಹೊತ್ತಿಗೆ ಮರಳುತ್ತಾಳೆ ಎಂಬುದನ್ನು ಪಕ್ಕದಲ್ಲಿ ಬರೆಯಿರಿ. ಮಧ್ಯಾಹ್ನದ ಅವಧಿಯಲ್ಲಿ ಆ ತಖ್ತೆಯ ಕಲಮುಗಳನ್ನು ಒಟ್ಟಿಗೆ ಕುಳಿತು ಹಾಕೋಣ. ಅಳತೆಪಟ್ಟಿ, ಕಾಗದ ಇಲ್ಲಿಯೇ ಇವೆ.